ಮೂರು ಗೀರಿನ ಕಲ್ಲು

ಆ ಕಲ್ಲನ್ನು ಒಡೆದವನು ನಾನು. ಸಮಿತಿ ಒಡೆಯಿತು, ಊರು ಒಡೆಯಿತು, ಕಾಲವೇ ಒಡೆಯಿತು ಎಂದು ಆಮೇಲೆ ಜನ ಹೇಳಿಕೊಂಡು ತಿರುಗಿದರು. ಚಾಣ ಹಿಡಿದದ್ದು ಈ ಕೈ. ಹನ್ನೊಂದು ತೂತು ಕೊರೆದು, ಹನ್ನೊಂದು ಬೆಣೆ ಇಟ್ಟು, ಸುತ್ತಿಗೆಯಿಂದ ಸಾಲಾಗಿ ಬಡಿಯುತ್ತಾ ಹೋದರೆ ಕಲ್ಲು ಒಂದು ಸಲ ಕೆಮ್ಮಿದಂತೆ ಸದ್ದು ಮಾಡಿ ಎರಡಾಗುತ್ತದೆ. ಅದೂ ಹಾಗೇ ಆಯಿತು. ಮುದ್ದಯ್ಯ ದಂಡೆಯ ಮೇಲೆ ಕೂತು ನೋಡುತ್ತಿದ್ದ.

ನಮ್ಮೂರು ತೊರೆಕೊಪ್ಪಲು. ಕೃಷ್ಣರಾಜಪೇಟೆ ತಾಲ್ಲೂಕು, ಹೇಮಾವತಿಯ ದಂಡೆ. ಹೊಳೆ ಇದ್ದರೂ ಹೊಳೆಯ ಮುಖ ನೋಡುವಂತಿರಲಿಲ್ಲ. ದಂಡೆ ತುಂಬ ಜಾಲಿ, ಲಾಂಟಾನ, ಸತ್ತ ಕರುಗಳ ಮೂಳೆ, ಹಾಲಿನ ಡೈರಿಯವರು ಎಸೆದ ಕೊಳೆತ ಹುಲ್ಲು. ಬೆಳಗಿನ ಜಾವ ಊರೆಲ್ಲ ತಂಬಿಗೆ ಹಿಡಿದು ಅಲ್ಲಿಗೇ ಹೋಗುತ್ತಿತ್ತು. ಹೆಂಗಸರು ನೀರು ತರಲು ಮೂಗು ಮುಚ್ಚಿಕೊಂಡು ಇಳಿಯಬೇಕಾಗಿತ್ತು. ಸ್ವಾತಂತ್ರ್ಯ ಬಂದು ಐವತ್ತು ತುಂಬುವ ಆ ವರ್ಷ, ತೊಂಬತ್ತೇಳರ ಸಂಕ್ರಾಂತಿ ಕಳೆದ ಮೇಲೆ, ಈ ದಂಡೆಯನ್ನು ಮನುಷ್ಯರು ಕೂರುವ ಜಾಗ ಮಾಡೋಣ ಎಂದು ಮೊದಲು ಬಾಯಿ ಬಿಟ್ಟವನು ನಿಂಗರಾಜು. ಪೇಟೆಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ, ಡೈರಿ ಅಧ್ಯಕ್ಷ ಚಿಕ್ಕಸ್ವಾಮಿಗೌಡರ ತಮ್ಮನ ಮಗ.

ನಿಂಗರಾಜು ಬಾಯಿ ಬಿಟ್ಟದ್ದು ನನ್ನ ಕುಲುಮೆಯಲ್ಲಿ. ಗುರುವಾರ ಸಂಜೆ ಏಳೆಂಟು ಜನ ಅಲ್ಲಿ ಸೇರಿ ಪುಸ್ತಕ ಓದುತ್ತಿದ್ದೆವು. ಒಬ್ಬ ಗಟ್ಟಿಯಾಗಿ ಓದುವುದು, ಮಿಕ್ಕವರು ಕೇಳುವುದು, ಆಮೇಲೆ ಜಗಳ. ಜಾತಿ ಹೇಗೆ ಹುಟ್ಟಿತು, ದೇವರನ್ನು ಯಾರು ಮಾಡಿದರು, ದುಡಿಯುವವನ ಅನ್ನ ಯಾರ ತಟ್ಟೆಗೆ ಹೋಯಿತು ಎಂದು ಕೂಗಾಡಿ ಗಂಟಲು ಒಣಗಿದಾಗ ನನ್ನ ಹೆಂಡತಿ ಟೀ ತರುತ್ತಿದ್ದಳು. ಒಳಗೆ ಕೂತವರಿಗೆಲ್ಲ ಸ್ಟೀಲ್ ಲೋಟ. ಹೊರಗೆ, ಬಾಗಿಲ ಪಕ್ಕದ ಸಾಣೆಕಲ್ಲಿನ ಮೇಲೆ ಕೂತು ಕೇಳುತ್ತಿದ್ದ ಮುದ್ದಯ್ಯನಿಗೆ ಸೂರಿನ ಸಂದಿಯಲ್ಲಿ ಸಿಕ್ಕಿಸಿಟ್ಟ ಗಾಜಿನ ಲೋಟ. ಅವನು ಯಾವತ್ತೂ, "ಈಗ್ತಾನೆ ಕುಡ್ದು ಬಂದೆ ಕಣವ್ವ" ಎನ್ನುತ್ತಿದ್ದ. ನಾವು ಯಾರೂ ಆ ಲೋಟದ ಬಗ್ಗೆ ಓದಲಿಲ್ಲ.

ಮುದ್ದಯ್ಯ ನಮ್ಮೂರ ನೀರಗಂಟಿ. ಕೇರಿಯವನು. ಅವನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ನೀರಗಂಟಿಗಳೇ. ಕಾಲುವೆಯ ತೂಬು ಎತ್ತಿ ಇಳಿಸಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡುವುದು, ಹೊಳೆ ಏರುವುದನ್ನು ಊರಿಗೆ ತಿಳಿಸುವುದು ಅವರ ಕೆಲಸ. ಕಾಲುವೆಗೆ ಸರ್ಕಾರದ ಆಳು ಬಂದ ಮೇಲೆ ತೂಬು ಹೋಯಿತು, ಹೊಳೆ ಉಳಿದಿತ್ತು. ನಾನೇ ತುದಿಗೆ ಕಬ್ಬಿಣದ ಬಳೆ ಹಾಕಿಕೊಟ್ಟಿದ್ದ ಬಿದಿರು ಕೋಲು ಹಿಡಿದು ದಿನಕ್ಕೆರಡು ಸಲ ದಂಡೆಗೆ ಹೋಗಿ ಕಲ್ಲು ನೋಡಿ ಬರುತ್ತಿದ್ದ.

ಕಲ್ಲು ಇದ್ದದ್ದು ಹೊಳೆ ತಿರುಗುವ ಮೂಲೆಯಲ್ಲಿ, ದಂಡೆಯಿಂದ ಹತ್ತು ಮಾರು ಒಳಗೆ. ಆಳೆತ್ತರ, ಅದರಾಚೆ ಹೊಳೆಯ ನಡುವೆ ಮರಳಿನ ದಿಬ್ಬ. ಕಲ್ಲಿನ ದಂಡೆ ಕಡೆಯ ಮುಖದಲ್ಲಿ ಮೂರು ಗೀರು. ಮೊದಲ ಗೀರು ಮುಳುಗಿದರೆ ದನ, ಎಮ್ಮೆ ಮೇಲಕ್ಕೆ ಬರಬೇಕು. ಎರಡನೆಯದು ಮುಳುಗಿದರೆ ದಿಬ್ಬದ ಮೇಲೆ ಯಾರೂ ಇರಕೂಡದು, ಯಾಕೆಂದರೆ ಅಲ್ಲಿಂದಾಚೆಗೆ ದಿಬ್ಬಕ್ಕೂ ದಂಡೆಗೂ ನಡುವೆ ಸೆಳವು ಹುಟ್ಟುತ್ತದೆ. ಮೂರನೆಯದು ಮುಳುಗಿದರೆ ಕೇರಿಯ ಕೆಳಸಾಲಿನ ಗುಡಿಸಲು ಖಾಲಿ ಮಾಡಬೇಕು. ನಮ್ಮೂರಲ್ಲಿ ಮಳೆಯೇ ಇರುವುದಿಲ್ಲ, ಆಕಾಶ ತೊಳೆದಂತಿರುತ್ತದೆ, ಆದರೂ ಮೇಲೆಲ್ಲೋ ಸುರಿದ ನೀರು ಇಲ್ಲಿ ಬಂದು ಏರುತ್ತದೆ. ಅದಕ್ಕೇ ಕಲ್ಲು. ಮುದ್ದಯ್ಯನ ಮುತ್ತಜ್ಜ ಹೊಳೆಯಲ್ಲಿ ಆ ಕಲ್ಲಿನ ಬುಡದ ಮೇಲೆ ನಿಂತು ತನ್ನ ಮೊಣಕಾಲು, ಸೊಂಟ, ಎದೆ ಅಳೆದು ಗೀರು ಹಾಕಿಸಿದ್ದಂತೆ. ಹಾಕಿದವನು ನಮ್ಮ ಮುತ್ತಜ್ಜನೇ ಇರಬೇಕು. ಊರಲ್ಲಿ ಬೇರೆ ಆಚಾರಿಗಳ ಮನೆ ಇರಲಿಲ್ಲ.

ಸಮಿತಿ ಮಾಡಿದೆವು. ಚಿಕ್ಕಸ್ವಾಮಿಗೌಡರು ಅಧ್ಯಕ್ಷರು, ನಿಂಗರಾಜು ಕಾರ್ಯದರ್ಶಿ. ಪ್ರತಿ ಭಾನುವಾರ ಮನೆಗೊಬ್ಬರು ಗುದ್ದಲಿ, ಬಾಂಡ್ಲಿ ತರಬೇಕು. ತಂದರು. ಸುಳ್ಳು ಹೇಳಬಾರದು, ಆ ನಾಲ್ಕು ತಿಂಗಳು ಊರು ಊರಾಗಿತ್ತು. ಜಾಲಿ ಕಡಿದರು, ಮಣ್ಣು ಹೊತ್ತರು, ಹೊಂಗೆ ಸಸಿ ನೆಟ್ಟರು, ವಾಲಿಬಾಲ್ ಆಡಲು ನೆಲ ಮಟ್ಟ ಮಾಡಿದರು, ಆಲದ ಕೊಂಬೆಗೆ ನಾನು ಸರಪಳಿ ಉಯ್ಯಾಲೆ ಹಾಕಿದೆ. ಕೇರಿಯಿಂದಲೂ ಮನೆಗೊಬ್ಬರು ಬಂದರು. ಅವರ ಪಾಲಿಗೆ ಸತ್ತ ಕರುಗಳ ಮೂಳೆ, ತಂಬಿಗೆ ಜಾಗ ಬಂತು. ಯಾರೂ ಹಂಚಿರಲಿಲ್ಲ. ಅದು ತಾನಾಗಿ ಹಂಚಿಕೆಯಾಯಿತು.

"ಗೌಡ್ರೇ ಮಣ್ ಒತ್ತವ್ರಲ್ಲಪ್ಪ, ಇವತ್ತು ಎಮ್ಮೆ ಕರ್ಯರು ಯಾರು?" ಎಂದು ಹೆಂಗಸೊಬ್ಬಳು ಕೂಗಿದರೆ ಚಿಕ್ಕಸ್ವಾಮಿಗೌಡರು ಬಾಂಡ್ಲಿ ಹೊತ್ತುಕೊಂಡೇ, "ನಿನ್ ಗಂಡುನ್ ಕಳುಸ್ತೀನಿ ತಡಿ, ಅವ್ನು ಕರ್ದ್ರೆ ಎಮ್ಮೆಗೂ ನಗು ಬತ್ತದೆ" ಎಂದರು. ಎಲ್ಲರೂ ನಕ್ಕರು. ಮುದ್ದಯ್ಯನೂ ದೂರದಿಂದ ನಕ್ಕ.

ಮೇ ತಿಂಗಳಲ್ಲಿ ಹೊಳೆಗಿಳಿಯುವ ಪಾವಟಿಗೆಗೆ, ಬೆಂಚಿಗೆ ಕಲ್ಲು ಬೇಕಾಯಿತು. ಹೊಳೆ ಬತ್ತಿ, ಗೀರಿನ ಕಲ್ಲು ಬುಡದವರೆಗೆ ಒಣಗಿ ನಿಂತಿತ್ತು. ಯುಗಾದಿಗೆ ಮುದ್ದಯ್ಯ ಬಳಿದಿದ್ದ ಕೆಮ್ಮಣ್ಣು ಇನ್ನೂ ಕೆಂಪಗಿತ್ತು. ಬುಡದಲ್ಲಿ ಒಡೆದ ತೆಂಗಿನಕಾಯಿಯ ಚಿಪ್ಪು, ಕೋಳಿ ಪುಕ್ಕ. ನಿಂಗರಾಜು ಅದನ್ನು ನೋಡಿದವನೇ, "ಕಲ್ಲು ಇಲ್ಲೇ ಐತಲ್ಲ. ಹೊಸ ಜಾಗದಲ್ಲಿ ಈ ಮೌಢ್ಯ ಬೇರೆ ಬೇಕಾ?" ಎಂದ.

ಓದುಕೂಟದ ನಮಗೆಲ್ಲ ಅದು ಸರಿಯೆನಿಸಿತು. ಸರಿ ಮಾತ್ರವಲ್ಲ, ಹೆಮ್ಮೆ ಎನಿಸಿತು. ಊರಿಗೆ ಬೆಂಚು, ಕೇರಿಗೆ ಮೂಢನಂಬಿಕೆಯಿಂದ ಬಿಡುಗಡೆ. ಒಂದೇ ಬೆಣೆಗೆ ಎರಡು ಹೋಳು.

ಸುದ್ದಿ ಕೇಳಿ ಮುದ್ದಯ್ಯ ಬಂದ. ಜೊತೆಗೆ ಅವನ ಹೆಂಡತಿ ಸೋಮಮ್ಮ, ಸೆರಗು ತಲೆಗೆ ಎಳೆದುಕೊಂಡು ಐದು ಮಾರು ಹಿಂದೆ.

"ಬುದ್ಧಿ, ಅದು ದ್ಯಾವ್ರಲ್ಲ. ಬರೀ ಕಲ್ಲು" ಎಂದ ಮುದ್ದಯ್ಯ.

"ಬುದ್ಧಿ ಅನ್ಬೇಡ ಅಂತ ನಿಂಗೆ ಎಷ್ಟ್ ಸಲ ಯೋಳಿದ್ದೀನಿ ಮುದ್ದಯ್ಯ?" ಎಂದ ನಿಂಗರಾಜು.

"ಆಗ್ಲಿ ಬುದ್ಧಿ."

ಸುತ್ತ ನಿಂತವರು ನಕ್ಕರು. ನಿಂಗರಾಜು ನಗಲಿಲ್ಲ. "ಬರೀ ಕಲ್ಲಾದ್ರೆ ಅದ್ಕೆ ಕೋಳಿ ಯಾಕ್ ಕುಯ್ತೀಯ?"

"ಕೋಳಿ ತಿನ್ನೋರು ನಾವಲ್ವ, ಕಲ್ಲೇನ್ ತಿಂದದು? ವರ್ಸುಕ್ಕೊಂದ್ ದಪ ಗೀರ್ಗೆ ಮಣ್ ಬಳೀಬೇಕು. ಬರೀ ಮಣ್ ಬಳೀತೀನಿ ಬನ್ರೋ ಅಂದ್ರೆ ಯಾವ್ ಮಗ ಬಂದಾನು? ಕೋಳಿ ಅಂದ್ರೆ ಕೇರಿ ಮಕ್ಳೆಲ್ಲ ಬತ್ತವೆ. ಗೀರ್ ನೋಡ್ತವೆ. ಯಾವ್ ಗೀರ್ಗೆ ಯಾರ್ ಮ್ಯಾಕ್ ಬರ್ಬೇಕು ಅಂತ ಬಾಯಲ್ಲಿ ಯೋಳಿಸ್ತೀನಿ. ಯೋಳ್ದೋರ್ಗೆ ತುಂಡು."

ಈಗ ಅದನ್ನು ಬರೆಯುವಾಗ ನನಗೆ ಗೊತ್ತು, ನಮ್ಮ ಓದುಕೂಟಕ್ಕಿಂತ ಒಳ್ಳೆಯ ಪಾಠಶಾಲೆ ಅದು. ಅಂದು ನಾವು ಕೇಳಿಸಿಕೊಂಡದ್ದು ಕೋಳಿ ಎಂಬ ಮಾತನ್ನು ಮಾತ್ರ.

"ಈಗ ಕಾಲ ಬದಲಾಯ್ತು. ಹೊಳೆ ನೀರಿನ ಲೆಕ್ಕಕ್ಕೆ ಅಳತೆ ಪಟ್ಟಿ ಇರ್ತವೆ, ಪೇಪರಲ್ಲಿ ಬರ್ತದೆ" ಎಂದ ನಿಂಗರಾಜು. "ನಿನ್ ತಲೆ ಮೇಲಿನ ಹೊರೆ ಇಳಿಸ್ತಾ ಇದ್ದೀವಿ ಅಂತ ತಿಳ್ಕೊ."

ಮುದ್ದಯ್ಯ ನನ್ನ ಕಡೆ ತಿರುಗಿದ. "ಆಚಾರ್ರೇ, ನೀವು ಕಲ್ ಬಲ್ಲೋರು. ಒಸಿ ನೀವೇ ಯೋಳಿ."

ನಾನು ಕಲ್ಲು ಬಲ್ಲವನು. ಆ ಗೀರು ಪೂಜೆಗೆ ಹಾಕಿದ್ದಲ್ಲ, ಮಟ್ಟ ನೋಡಿ ಹಾಕಿದ್ದು ಎಂದು ಮುಟ್ಟಿದ ಕೂಡಲೇ ನನಗೆ ತಿಳಿದಿತ್ತು. ಮೂರೂ ಗೀರು ನೀರಿನ ಮೈಗೆ ಸಮನಾಗಿ, ಕೂದಲೆಳೆಯಷ್ಟೂ ವಾಲದೆ ಇದ್ದವು. ಹೇಳಲಿಲ್ಲ. ಓದಿದವರ ಮುಂದೆ ಹಳಬನಂತೆ ಕಾಣಲು ನನಗೆ ನಾಚಿಕೆಯಾಯಿತು.

"ಸಮಿತಿ ತೀರ್ಮಾನ ಮುದ್ದಯ್ಯ" ಎಂದೆ.

"ಅಂಗಾದ್ರೆ ಗೀರಿರೋ ಮೊಖನಾದ್ರೂ ನೀರಿನ್ ತಾವೇ ನಿಲ್ಸಿ. ಮಿಕ್ಕಿದ್ದು ನೀವೇ ತಕ್ಕಳಿ."

"ಚಪ್ಪಟೆ ಮುಖ ಅದೊಂದೇ ಇರೋದು" ಎಂದರು ಚಿಕ್ಕಸ್ವಾಮಿಗೌಡರು. "ಬೆಂಚಿಗೆ ಅದೇ ಬೇಕು. ಓಗ್ಲಾ, ಸುಮ್ಕೆ ತಲೆ ತಿನ್ಬೇಡ."

ಸೋಮಮ್ಮ ಹಿಂದಿನಿಂದ ಒಂದೇ ಮಾತು ಹೇಳಿದಳು. "ಬಾ ಅತ್ಲಾಗಿ. ಕಲ್ಗೆ ಕಿವಿ ಇಲ್ಲ ಅಂತಾರೆ, ಇಲ್ಲಿ ಕಲ್ಲೊಂದ್ಕೇ ಇರೋದು."

ಕಲ್ಲು ಒಡೆದೆ. ಬುಡದ ಮೋಟು ಮಾತ್ರ ಹೊಳೆಯಲ್ಲಿ ಉಳಿಯಿತು. ಗೀರಿನ ಮುಖ ಆಲದಡಿಯ ದೊಡ್ಡ ಬೆಂಚಾಯಿತು. ಚಾಣದಲ್ಲಿ ಎಷ್ಟು ಹದ ಮಾಡಿದರೂ ಗೀರು ಪೂರಾ ಹೋಗಲಿಲ್ಲ. ಕೂತವರ ತೊಡೆಗೆ ಒತ್ತುತ್ತಿತ್ತು.

ಜೂನಿನಲ್ಲಿ ಇನ್ನೊಂದು ತೀರ್ಮಾನವಾಯಿತು. ಹೊಸ ಪಾವಟಿಗೆ ಚೆನ್ನಾಗಿದೆ, ಊರ ಹೆಣ್ಣುಮಕ್ಕಳು ಓಡಾಡುತ್ತಾರೆ, ಆದ್ದರಿಂದ ಕೇರಿಯವರಿಗೆ ಹೊಳೆಯ ಕೆಳಗಡೆ, ನೂರು ಹೆಜ್ಜೆ ಆಚೆ, ಬೇರೆ ಪಾವಟಿಗೆ. ಮಣ್ಣು ಕಡಿದು ಮಾಡಿದ್ದು. ನಿಂಗರಾಜು ಒಂದು ಸಂಜೆಯೆಲ್ಲ ವಾದಿಸಿದ, ಎದ್ದು ಹೋಗುತ್ತೇನೆಂದ. ಎದ್ದು ಹೋಗಲಿಲ್ಲ. ಗುರುವಾರ ಕುಲುಮೆಗೆ ಬಂದು, "ಎಲ್ಲಾ ಒಂದೇ ಸಲಕ್ಕೆ ಆಗಲ್ಲ, ಹಂತ ಹಂತವಾಗಿ ಆಗಬೇಕು" ಎಂದ. ನಾವು ತಲೆಯಾಡಿಸಿದೆವು. ಹೊರಗಿನ ಸಾಣೆಕಲ್ಲಿನ ಮೇಲೆ ಅಂದು ಯಾರೂ ಕೂತಿರಲಿಲ್ಲ. ಮುದ್ದಯ್ಯ ಆಮೇಲೆ ಬರಲೇ ಇಲ್ಲ.

ಆಗಸ್ಟ್ ಹದಿನೈದಕ್ಕೆ ವಿಹಾರತಾಣ ಆರಂಭ. ಆ ವರ್ಷ ಆಷಾಢ ಒಣಗಿಯೇ ಕಳೆದಿತ್ತು, ಹೊಳೆ ತೆಳ್ಳಗಿತ್ತು, ಕಲ್ಲಿನ ಮೋಟಿನ ಮೇಲೆ ಗೇಣುದ್ದ ನೀರು. ಹೊಸ ಗೇಟಿಗೆ ಬಾಳೆಕಂಬ, ಬಣ್ಣದ ಕಾಗದ, ಮೈಕು, ಶಾಲೆಯ ಮಕ್ಕಳಿಗೆ ಬೂಂದಿ. ಬಾವುಟ ಏರಿಸಿ, ಭಾಷಣ ಮುಗಿಸಿ, ಹಗ್ಗಜಗ್ಗಾಟವೂ ಆದ ಮೇಲೆ ಈಜು ಪಂದ್ಯ. ಪಾವಟಿಗೆಯಿಂದ ಮರಳು ದಿಬ್ಬಕ್ಕೆ ಈಜಿ, ಅಲ್ಲಿ ನೆಟ್ಟ ಬಾವುಟ ಮುಟ್ಟಿ, ಉಸಿರು ತೆಗೆದುಕೊಂಡು, ಎರಡನೆಯ ಸೀಟಿಗೆ ವಾಪಸು ಬರಬೇಕು. ಏಳು ಮಕ್ಕಳು ಇಳಿದರು. ಹನ್ನೆರಡು ಹದಿಮೂರರ ವಯಸ್ಸು. ಅವರಲ್ಲಿ ಚಿಕ್ಕಸ್ವಾಮಿಗೌಡರ ಮೊಮ್ಮಗ ಸಂತೋಷನೂ ಇದ್ದ. ಏಳೂ ಜನ ದಿಬ್ಬ ಸೇರಿ ಮರಳಲ್ಲಿ ಕೂತು ಕೈಬೀಸುತ್ತಿದ್ದರು. ಬಿಸಿಲು ಚುರುಗುಡುತ್ತಿತ್ತು.

ಆಗ ಮುದ್ದಯ್ಯ ಕೆಳಗಿನ ಪಾವಟಿಗೆಯಿಂದ ಹತ್ತಿ, ಗೇಟು ದಾಟಿ, ಕೋಲು ಊರಿಕೊಂಡು ಮೈಕಿನ ಹತ್ತಿರಕ್ಕೇ ಬಂದ. ಸೋಮಮ್ಮ ತೊಳೆಯುತ್ತಿದ್ದ ಬಟ್ಟೆ ಹಿಂಡದೆ ಹಾಗೇ ಹಿಡಿದು ಹಿಂದೆ ಬಂದಳು.

"ಯಾಕ್ಲಾ ಇತ್ಲಾಗ್ ಬಂದೆ?" ಎಂದರು ಚಿಕ್ಕಸ್ವಾಮಿಗೌಡರು. ಅವರು ಆಲದಡಿಯ ಬೆಂಚಿನ ಮೇಲೆ ಹಾರ ಹಾಕಿಕೊಂಡು ಕೂತಿದ್ದರು.

"ಮಕ್ಳುನ್ ಕರ್ಸ್ಬುಡಿ ಗೌಡ್ರೆ. ನೀರು ತಿರುಗ್ತಾ ಅದೆ."

"ಯಾವ್ ನೀರ್ಲಾ? ಮೋಡ ಎಲ್ಲದೆ?"

"ಮೋಡ ಇಲ್ಲಿರಲ್ಲ. ನೊರೆ ಬಂತು, ಒಣಗಡ್ಡಿ ಬಂತು. ನೀರು ಮಣ್ವಾಸ್ನೆ ಒಡೀತದೆ. ಕೆಳುಗ್ಡೆ ನಮ್ ಒಗ್ಯೋ ಕಲ್ಲು ಒಂದ್ ಬಟ್ಟೆ ಒಗ್ಯೋ ಒತ್ನಲ್ಲಿ ಮುಳುಗ್ತು."

ನಿಂಗರಾಜು ಕೈಗಡಿಯಾರ ನೋಡಿಕೊಂಡ. ವ್ಯಂಗ್ಯವಾಗಿಯಲ್ಲ, ನಿಜವಾಗಿಯೂ ಕೇಳಿದ. "ಎಷ್ಟು ಹೊತ್ತಿಗೆ ಬರ್ತದೆ ಮುದ್ದಯ್ಯ? ಎಷ್ಟು ಏರ್ತದೆ?"

"ಗಂಟೆ ನಂಗೊತ್ತಿಲ್ಲ ಬುದ್ಧಿ. ಗೀರ್ ಗೊತ್ತು. ಗೀರ್ನ ನೀವು ಅಲ್ ಇಕ್ಕಂಡ್ ಕುಂತಿದ್ದೀರಿ" ಎಂದು ಮುದ್ದಯ್ಯ ಕೋಲಿನ ತುದಿಯಿಂದ ಬೆಂಚು ತೋರಿಸಿದ.

ಕೋಲು ಗೌಡರ ಕಡೆ ಎದ್ದದ್ದೇ ಸಾಕಾಯಿತು. ಇಬ್ಬರು ಎದ್ದು ನಿಂತರು. "ಬೆಳಬೆಳಗ್ಗೇನೇ ಎಂಡ ಇಳ್ಸವ್ನೆ ಅಂತ ಕಾಣ್ತದೆ" ಎಂದೊಬ್ಬ ಮೂಗು ಮುಚ್ಚಿದ. ಮೈಕು ಹಿಡಿದವನಿಗೆ ಹುರುಪು ಬಂದು, "ದಯವಿಟ್ಟು ನೀರಗಂಟಿಯವರು ಪಕ್ಕಕ್ಕೆ ಸರಿಯಬೇಕು, ಹಿರಿಯರಿಗೆ ಪಂದ್ಯ ಕಾಣುತ್ತಿಲ್ಲ" ಎಂದ. ಜನ ಗೊಳ್ಳೆಂದಿತು.

ಮುದ್ದಯ್ಯ ಪಕ್ಕಕ್ಕೆ ಸರಿದ. ಕೋಲನ್ನು ಸೋಮಮ್ಮನ ಕೈಗೆ ಕೊಟ್ಟು, "ಇಡ್ಕೊ" ಎಂದ. ಪಂಚೆ ಕಚ್ಚೆ ಕಟ್ಟಿ ಹೊಸ ಪಾವಟಿಗೆ ಇಳಿದ. ಏನು ಮಾಡುತ್ತಾನೆಂದು ನಾನು ನೋಡುತ್ತಿದ್ದೆ. ಸೀದಾ ನಡೆದು, ಕಾಲಲ್ಲಿ ತಡಕಿ, ಕಲ್ಲಿನ ಮೋಟು ಸಿಕ್ಕಿದ ಮೇಲೆ ಅದರ ಮೇಲೆ ಹತ್ತಿ ದಂಡೆಗೆ ಮುಖ ಮಾಡಿ ನಿಂತ.

"ನಾನ್ ಇಲ್ಲಿ ನಿಂತಿವ್ನಿ. ನನ್ ಮೊಣಕಾಲ್ ನೋಡ್ತಾ ಇರಿ" ಎಂದು ಕೂಗಿದ.

ಮೋಟು ಹತ್ತಿದಾಗ ಮೀನಖಂಡದಷ್ಟಿದ್ದ ನೀರು ಮೊಣಕಾಲಿಗೆ ಬರಲು ಹೆಚ್ಚು ಹೊತ್ತಾಗಲಿಲ್ಲ. "ಒಂದು" ಎಂದ. ದಿಬ್ಬದ ಮೇಲಿನ ಮಕ್ಕಳು, "ಒಂದು, ಒಂದು" ಎಂದು ಅವನಂತೆಯೇ ಕೂಗಿ ನಕ್ಕರು. ದಂಡೆಯಲ್ಲೂ ನಗು. ನಾನು ನಗಲಿಲ್ಲ ಎಂದು ಬರೆದರೆ ಅದು ದೊಡ್ಡತನದ ಮಾತಾಗುತ್ತದೆ. ನಗಲಿಲ್ಲ, ಆದರೆ ಏಳಲೂ ಇಲ್ಲ. ನನ್ನ ಕಣ್ಣು ಅವನ ತೊಡೆಯ ಮೇಲಿತ್ತು. ನೀರು ಏರುತ್ತಿದೆ ಎಂದು ದಂಡೆಯಲ್ಲಿ ಕೂತು ನೋಡಿದರೆ ಗೊತ್ತಾಗುವುದೇ ಇಲ್ಲ. ಹೊಳೆ ಹೊಳೆಯಂತೆಯೇ ಇರುತ್ತದೆ. ಕದಲದೆ ನಿಂತ ಒಂದು ಮೈ ಇದ್ದರೆ ಮಾತ್ರ ತಿಳಿಯುತ್ತದೆ.

ತೊಡೆ ಮುಳುಗಿತು. ಕಚ್ಚೆಯ ಗಂಟು ಮುಳುಗಿತು.

"ಎಲ್ಡು" ಎಂದ ಮುದ್ದಯ್ಯ. ಈ ಸಲ ಕೂಗಲಿಲ್ಲ. ನನ್ನನ್ನೇ ನೋಡಿ ಹೇಳಿದ.

ಎದ್ದೆ. ಮೈಕು ಕಿತ್ತುಕೊಂಡು, "ಮಕ್ಕಳನ್ನ ಕರೀರಿ, ನೀರು ಎರಡನೇ ಗೀರಿಗೆ ಬಂತು" ಎಂದು ಕಿರುಚಿದೆ. ಆಗ ಎಲ್ಲರೂ ತಿರುಗಿದರು. ದಿಬ್ಬ ಅಂಗಳದಷ್ಟಿದ್ದದ್ದು ಚಾಪೆಯಷ್ಟಾಗಿತ್ತು. ದಿಬ್ಬಕ್ಕೂ ದಂಡೆಗೂ ನಡುವೆ ನೀರು ಕೆಂಪಾಗಿ ಸುತ್ತುತ್ತಿತ್ತು. ಈಜಲು ಇಳಿಯಹೊರಟ ಮಕ್ಕಳಿಗೆ ಮುದ್ದಯ್ಯ, "ಇಳೀಬ್ಯಾಡಿ, ಹಗ್ಗ, ಹಗ್ಗ" ಎಂದ.

ಹಗ್ಗಜಗ್ಗಾಟದ ಹಗ್ಗ ಅಲ್ಲೇ ಬಿದ್ದಿತ್ತು. ಒಂದು ತುದಿ ಆಲದ ಬೊಡ್ಡೆಗೆ ಕಟ್ಟಿ ಇನ್ನೊಂದು ತುದಿಯನ್ನು ನಾನು ಎಸೆದೆ. ಮುದ್ದಯ್ಯ ಅದನ್ನು ಹಿಡಿದು ದಿಬ್ಬಕ್ಕೆ ಹೋಗಿ, ಬಾವುಟದ ಗೂಟಕ್ಕೆ ಕಟ್ಟಿ, ವಾಪಸು ಬಂದು ಮತ್ತೆ ಮೋಟಿನ ಮೇಲೆ, ಸೆಳವಿನ ನಡುಮಧ್ಯದಲ್ಲಿ ನಿಂತ. ಅಲ್ಲಿ ಕಾಲೂರಲು ಸಿಗುವುದು ಅದೊಂದೇ ಜಾಗ ಎಂದು ಅವನಿಗೆ ಗೊತ್ತಿತ್ತು. ಮಕ್ಕಳು ಹಗ್ಗ ಹಿಡಿದು ಒಬ್ಬೊಬ್ಬರಾಗಿ ಅವನ ತನಕ ಬರುವುದು, ಅವನು ಹಿಡಿದು ಈಚೆ ದಾಟಿಸುವುದು, ನಾನೂ ನಿಂಗರಾಜುವೂ ಇತರರೂ ಎಳೆದುಕೊಳ್ಳುವುದು. ಆರು ಮಂದಿ ಬಂದರು. ಏಳನೆಯವನು ಸಂತೋಷ. ಅವನನ್ನು ನಮ್ಮ ಕೈಗೆ ದಾಟಿಸಿದಾಗ ನೀರು ಮುದ್ದಯ್ಯನ ಎದೆಗೆ ಬಂದಿತ್ತು. "ಕೇರಿ ಕೆಳಸಾಲು" ಎಂದು ಸೋಮಮ್ಮನ ಕಡೆ ನೋಡಿ ಹೇಳಿದ. ಗುಡಿಸಲು ಖಾಲಿ ಮಾಡಿಸು ಎಂದು.

ಆಗ ಮೇಲಿನಿಂದ ಬೇರು ಸಹಿತ ಒಂದು ಮರದ ಬೊಡ್ಡೆ ಬಂತು. ದಿಬ್ಬದ ಗೂಟ ಕಿತ್ತಿತು. ಮೋಟಿನ ಮೇಲೆ ಯಾರೂ ಇರಲಿಲ್ಲ.

ಸೋಮಮ್ಮ ಅಳಲಿಲ್ಲ, ಓಡಿದಳು. ಹೊಳೆಯ ಕಡೆಗಲ್ಲ, ಕೇರಿಯ ಕೆಳಸಾಲಿಗೆ. ಹನ್ನೆರಡು ಗುಡಿಸಲು ಖಾಲಿ ಮಾಡಿಸಿದ ಮೇಲೆ, ಅವುಗಳಲ್ಲಿ ಎರಡನ್ನು ನೀರು ತೆಗೆದುಕೊಂಡು ಹೋದ ಮೇಲೆ, ಕುಕ್ಕರಗಾಲಲ್ಲಿ ಕೂತಳಂತೆ.

ಹಗ್ಗದ ಹೊತ್ತಿನಲ್ಲಿ ಯಾರ ಕೈ ಯಾರ ಮಗುವನ್ನು ಮುಟ್ಟಿತೆಂದು ಯಾರೂ ಕೇಳಲಿಲ್ಲ. ಸಂಜೆಗೆ ಕೆಲವು ಮನೆಗಳಲ್ಲಿ ಕೇಳಿದರು. ಹೊಳೆಯಿಂದ ಬದುಕಿ ಬಂದ ಮಕ್ಕಳನ್ನು ಹಿತ್ತಿಲಲ್ಲಿ ನಿಲ್ಲಿಸಿ ಮತ್ತೆ ತಲೆಗೆ ನೀರು ಹೊಯ್ದರು.

ಮಾರನೆಯ ಮಧ್ಯಾಹ್ನ ಕೆಳಗಿನ ಸೇತುವೆಯ ಕಂಬದಲ್ಲಿ ಮುದ್ದಯ್ಯ ಸಿಕ್ಕಿದ. ಮಹಜರು ಆಗಬೇಕು. ಮಳೆಗಾಲದಲ್ಲಿ, ಯಾರನ್ನೂ ಕೇಳದೆ, ಮಕ್ಕಳನ್ನು ಹೊಳೆಗಿಳಿಸಿದ್ದೇಕೆ ಎಂದು ಯಾರಾದರೂ ಕೇಳಿದರೆ ಸಮಿತಿಯ ಕೊರಳಿಗೆ ಬರುತ್ತದೆ. ಚಿಕ್ಕಸ್ವಾಮಿಗೌಡರ ಜಗಲಿಯಲ್ಲಿ ಕೂತು ಮಾತಾಡಿಕೊಂಡರು. ಮೃತನು ಮದ್ಯಪಾನ ಮಾಡಿದ್ದು, ಹಿರಿಯರು ಬೇಡವೆಂದರೂ ಕೇಳದೆ, ತಾನಾಗಿ ನೀರಿಗಿಳಿದು ಆಕಸ್ಮಿಕವಾಗಿ ಮರಣ ಹೊಂದಿರುತ್ತಾನೆ. ಬರೆದದ್ದು ನಿಂಗರಾಜು, ಅವನ ಅಕ್ಷರ ಮುತ್ತಿನಂತೆ.

"ಸತ್ತೋನು ಸತ್ತ ಸುಬ್ಬಾಚಾರಿ. ಬದುಕಿರೋರು ಊರಲ್ಲಿ ಇರ್ಬೇಕಲ್ಲ" ಎಂದರು ಗೌಡರು ನನಗೆ.

ನಾನು ಪಂಚನಾಗಿ ಸಹಿ ಹಾಕಿದೆ. ಸುಬ್ರಹ್ಮಣ್ಯಾಚಾರಿ. ಕಲ್ಲು ಒಡೆದದ್ದಕ್ಕಿಂತ ಅದು ಸುಲಭವಾಗಿತ್ತು.

ಅಕ್ಟೋಬರಿನಲ್ಲಿ ಹೊಳೆ ಇಳಿಯಿತು. ರಾಜ್ಯೋತ್ಸವದ ದಿನ ವಿಹಾರತಾಣದ ಗೇಟಿಗೆ ಫಲಕ ಹಾಕುವುದೆಂದು ಸಮಿತಿ ಹೇಳಿ, ಶ್ರಮದಾನ ಮಾಡಿದ ನಲವತ್ತೊಂದು ಜನರ ಹೆಸರು ಬರೆದ ಕಾಗದ ಕೊಟ್ಟಿತ್ತು. ನನ್ನ ಹೆಸರು ಎಂಟನೆಯದು. ಮುದ್ದಯ್ಯನದಿರಲಿಲ್ಲ. ಮೂಳೆ ಹೊತ್ತ ಕೇರಿಯವರದೂ ಇರಲಿಲ್ಲ. ಹೆಸರು ಕೆತ್ತುತ್ತಾ ಕೂತಿದ್ದೆ. ಹೊರಗೆ ಸಾಣೆಕಲ್ಲಿಗೆ ಕೋಲು ತಾಗಿದ ಸದ್ದಾಯಿತು. ಅದೇ ಮುದ್ದಯ್ಯನ ಕೋಲು. ಸೋಮಮ್ಮ.

"ಬಾ ಸೋಮಮ್ಮ, ಕೂತ್ಕೊ. ಟೀ..." ಎಂದೆ.

ಅವಳು ಸೂರಿನ ಸಂದಿಯ ಲೋಟ ನೋಡಿದಳು. "ಅವ್ರು ಕುಡ್ದಿದ್ರು ಅಂತ ರುಜು ಆಕುದ್ರಂತೆ. ಅವ್ರು ಎಂಡ ಮುಟ್ದೋರಲ್ಲ ಆಚಾರ್ರೇ. ಆ ಲೋಟುದಲ್ಲಿ ಕೊಡ್ತೀರಿ ಅಂತ ನಿಮ್ಮನೆ ಟೀನೂ ಕುಡೀನಿಲ್ಲ."

ನಾನು ಮುಂದಿನ ಹೆಸರಿಗೆ ಚಾಣ ಇಟ್ಟೆ.

"ನಾನ್ ಅದ್ಕ್ ಬರ್ನಿಲ್ಲ" ಎಂದಳು. ಕೋಲನ್ನು ಮುಂದೆ ಹಿಡಿದಳು. ಅದರ ಮೇಲೆ ಕೆಮ್ಮಣ್ಣಿನಲ್ಲಿ ಮೂರು ಗುರುತು. "ಅವ್ರ ಮೊಣಕಾಲು ಇಲ್ಲಿಗೆ ಬರೋದು. ಸೊಂಟ ಇಲ್ಗೆ. ಎದೆ ಇಲ್ಗೆ. ಮೂವತ್ತೆಂಟು ವರ್ಸ ಪಕ್ಕದಲ್ಲಿ ನಿಂತಿವ್ನಿ, ತಪ್ಪಾಗಲ್ಲ. ಆ ಪಾವಟಿಗೆ ತಾವ ನೀರಲ್ಲಿ ಮೊನ್ನೆ ಒಂದ್ ಕಲ್ಲು ಕಂಬ ನಿಲ್ಸಿದ್ರಲ್ಲ, ದೀಪುಕ್ಕೆ. ಅದ್ಕೆ ಮೂರ್ ಗೀರು ಆಕ್ಕೊಡಿ. ಕೆಳಸಾಲಲ್ಲಿ ಇನ್ನೂ ಹತ್ ಮನೆ ಅವೆ."

"ಸಮಿತಿನ ಒಂದ್ ಮಾತು..."

"ಒಡ್ಯಕೆ ಮುಂಚೆ ಕೇರೀನ ಕೇಳಿದ್ರ?"

ಚಾಣ, ಸುತ್ತಿಗೆ, ನೀರು ತುಂಬಿದ ಮಟ್ಟದ ಕೊಳವೆ ತೆಗೆದುಕೊಂಡು ಹೊರಟೆ. ಹಾಡಹಗಲು. ಮೇಲಿನ ಪಾವಟಿಗೆಯಲ್ಲೇ ಇಬ್ಬರೂ ಇಳಿದೆವು. ಸೋಮಮ್ಮ ನೀರಿಗಿಳಿದು ಮೋಟಿನ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸಿ ಹಿಡಿದಳು. ಕೊಳವೆಯ ಒಂದು ತುದಿ ಅವಳ ಕೈಯಲ್ಲಿ, ಕೋಲಿನ ಗುರುತಿಗೆ. ಇನ್ನೊಂದು ನನ್ನ ಕೈಯಲ್ಲಿ, ಕಂಬಕ್ಕೆ. ಎರಡು ತುದಿಯಲ್ಲೂ ನೀರು ಸಮನಾಗಿ ನಿಂತ ಕಡೆ ಗುರುತು ಹಾಕಿ ಚಾಣ ಇಟ್ಟೆ. ನಮ್ಮ ಮುತ್ತಜ್ಜ ಹೊಡೆದಂತೆ ಹೊಡೆಯಲು ನೋಡಿದೆ. ಮೊದಲನೆಯದು ಮುಗಿಯಿತು. ಎರಡನೆಯದು ಮುಗಿಯುವಷ್ಟರಲ್ಲಿ ಸುತ್ತಿಗೆಯ ಸದ್ದು ಕೇಳಿ ಚಿಕ್ಕಸ್ವಾಮಿಗೌಡರೂ ನಿಂಗರಾಜುವೂ ದಂಡೆಗೆ ಬಂದಿದ್ದರು.

"ಏನ್ಲಾ ಅದು ಸುಬ್ಬಾಚಾರಿ? ಯಾರ್ನ್ ಕೇಳಿ ಕೆತ್ತುದ್ದೆ?"

"ನೀರಿನ ಗೀರು ಗೌಡ್ರೆ."

"ನಿಲ್ಸು. ಇವತ್ತು ಗೀರು, ನಾಳೆ ಕುಂಕ್ಮ, ನಾಡಿದ್ದು ಅವ್ನ್ ಎಸ್ರಲ್ಲಿ ಜಾತ್ರೆ ಮಾಡ್ತಾರೆ. ಊರೋರು ಓಡಾಡೋ ಜಾಗ ಇದು."

ನಾನು ನಿಂಗರಾಜುವನ್ನು ನೋಡಿದೆ. ಎಷ್ಟೊಂದು ಪುಸ್ತಕ ಓದಿದ ಆ ಗಂಟಲಿನಿಂದ ಒಂದು ಮಾತು ಬರುತ್ತದೆಂದು ಕಾದೆ. ಅವನು ಕಂಬವನ್ನು ನೋಡುತ್ತಿದ್ದ.

ಮೂರನೆಯದಕ್ಕೆ ಚಾಣ ಎತ್ತಿದೆ. ಸೋಮಮ್ಮ ಮೋಟಿನ ಮೇಲಿಂದ ಕೋಲು ತೆಗೆದಳು.

"ಎದೆದು ಬ್ಯಾಡ ಬುಡಿ ಆಚಾರ್ರೇ" ಎಂದಳು. "ಅಲ್ಲೀಗಂಟ ನಿಂತ್ಕಳೋರು ಈ ಊರಲ್ಲಿ ಇನ್ಯಾರವ್ರೆ? ಕೆಳಸಾಲ್ನ ನಾನೇ ನೋಡ್ಕತೀನಿ."

ಒದ್ದೆ ಸೀರೆಯಲ್ಲೇ ಹೊಸ ಪಾವಟಿಗೆ ಹತ್ತಿ, ಗೌಡರ ಪಕ್ಕದಲ್ಲೇ ಹಾದು, ಆಲದಡಿಯ ಬೆಂಚಿನ ಮೇಲೆ ಒಂದು ಗಳಿಗೆ ಕೂತಳು. ಅಂಗೈಯಿಂದ ಅದರ ಮೈ ಸವರಿದಳು. ಆಮೇಲೆ ಎದ್ದು ಗೇಟಿನಿಂದಲೇ ಹೋದಳು.

ರಾಜ್ಯೋತ್ಸವಕ್ಕೆ ಸಮಿತಿ ಆ ಕಂಬಕ್ಕೆ ಅರಿಶಿನ ಕುಂಕುಮದ ಬಣ್ಣ ಬಳಿಸಿತು. ನೋಡಲು ಚೆನ್ನಾಗಿದೆ. ಬಣ್ಣದಡಿಯಲ್ಲಿ ಎರಡು ಗೀರೂ ಇವೆ, ಬೆರಳಿಟ್ಟರೆ ಸಿಗುತ್ತವೆ. ಬೆರಳಿಡಲು ಮಾತ್ರ ನೀರಿಗಿಳಿಯಬೇಕು.